ನಗುಮುಖದ ನರಕ

ಚೂಟಿ ಗುಂಡುವಿನ ಕಿವಿ ಕಚ್ಚಿದ್ದೇ ಎಲ್ಲಕ್ಕೂ ಮೂಲ.

ಕಚ್ಚಿದ್ದು ಅಂಥ ಜೋರಾಗಿಯೇನೂ ಅಲ್ಲ. ಆದರೆ ಕಚ್ಚಿದ್ದು ಶಿಶುವಿಹಾರದ ಗೇಟಿನಲ್ಲೇ, ಅದೂ ಗುಂಡುವಿನ ತಾತನ ಕಣ್ಣೆದುರಿಗೆ. ತಾತ ನಿವೃತ್ತ ಜಡ್ಜು. ಅವರ ಮನೆಯಲ್ಲಿ ಹಾಲು ಉಕ್ಕಿದರೂ ವಿಚಾರಣೆಯಾಗುತ್ತಿತ್ತು. ಹಾಗಾಗಿ ಮೊದಲ ಗಂಟೆ ಬಾರಿಸುವ ಮುಂಚೆಯೇ ಅವರು ಮೊಮ್ಮಗಳ ಕಿವಿಯನ್ನು ಸಾಕ್ಷ್ಯದಂತೆ ಮುಂದೆ ಹಿಡಿದುಕೊಂಡು ದೊಡ್ಡ ಟೀಚರ್ ಕೋಣೆಯಲ್ಲಿ ಕೂತಿದ್ದರು. ಎದುರಿಗೆ ಕೈಕಟ್ಟಿ ನಿಂತಿದ್ದವನು ಚೂಟಿಯ ಅಪ್ಪ, ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್.

"ಯಾಕೆ ಕಚ್ಚಿದೆ?" ದೊಡ್ಡ ಟೀಚರ್ ಕೇಳಿದರು.

"ಕಿವಿ ತಿನ್ನಕ್ಕೆ ಹೇಗಿರುತ್ತೆ ಅಂತ ಅವಳೇ ಕೇಳಿದ್ಳು," ಎಂದಳು ಚೂಟಿ.

"ಹೇಗಿತ್ತು?" ಗುಂಡು ಆಸೆಯಿಂದ ಕೇಳಿದಳು.

"ನೋಡಿದ್ರಾ?" ಜಡ್ಜು ತಾತ ಊರುಗೋಲು ಕುಟ್ಟಿದರು. "ತಪ್ಪು ಮಾಡಿದೆ ಅನ್ನೋ ಅಳುಕು ಒಂದು ಚೂರಾದ್ರೂ ಇದೆಯಾ? ಈಗಿನ ಮಕ್ಕಳಿಗೆ ನರಕದ ಭಯವೇ ಇಲ್ಲ. ನಮ್ಮಜ್ಜಿ ನರಕದ ಕತೆ ಹೇಳಿದ್ರೆ ನಾವು ಹೊದಿಕೆ ಒಳಗೇ ಒಳ್ಳೆಯವರಾಗಿಬಿಡ್ತಿದ್ವಿ. ಅವತ್ತಿಂದ ಇವತ್ತಿನವರೆಗೆ ನಾನೊಂದು ತಪ್ಪು ಮಾಡಿಲ್ಲ, ಒಂದು ಸುಳ್ಳು ಹೇಳಿಲ್ಲ."

ದೊಡ್ಡ ಟೀಚರ್ ಕಣ್ಣು ಮಿಂಚಿತು. ಮಕ್ಕಳು ಊಟ ಮಾಡುವ ಕೋಣೆಗೆ ಮೊನ್ನೆಯಷ್ಟೇ ಸುಣ್ಣ ಹೊಡೆಸಿದ್ದರು. ಗೋಡೆ ಬೆಳ್ಳಗೆ ಕಾಯುತ್ತಾ ನಿಂತಿತ್ತು.

"ನೀವು ಪೇಂಟರ್ ಅಲ್ವಾ? ಆ ಗೋಡೆ ಮೇಲೆ ಒಂದು ನರಕ ಬರೀರಿ. ಮಧ್ಯಾಹ್ನದ ಊಟದೊಳಗೆ ಆಗಬೇಕು."

"ಮೇಡಂ, ಎಳೇ ಮಕ್ಕಳು... ಹೆದರಿಕೊಳ್ಳಲ್ವಾ?"

"ಹೆದರಲಿ ಅಂತಾನೇ ತಾನೇ ಬರೆಸ್ತಿರೋದು? ನಿಮಗೆ ಇಷ್ಟ ಇಲ್ಲಾಂದ್ರೆ ಬೇಡ. ನಾಳೆಯಿಂದ ಮಗಳನ್ನ ಮನೇಲೇ ಇಟ್ಕೊಳ್ಳಿ."

ಪೇಂಟರ್ ಬಣ್ಣದ ಡಬ್ಬ ತರಲು ಓಡಿದ.

ಅವನ ಕಷ್ಟ ಬೇರೆಯವರಿಗೆ ಅರ್ಥವಾಗುವಂಥದ್ದಲ್ಲ. ಹುಟ್ಟಿದಾಗಿನಿಂದ ಅವನು ಯಾರನ್ನೂ ಹೆದರಿಸಿದವನಲ್ಲ. ಜಿರಲೆ ಕಂಡರೂ ಪಕ್ಕಕ್ಕೆ ಸರಿದು ದಾರಿ ಬಿಡುವ ಆಸಾಮಿ. ಸಾಲದ್ದಕ್ಕೆ, ಇಷ್ಟು ವರ್ಷ ಸೋಪು, ಬಿಸ್ಕತ್ತು, ಸೀರೆ ಅಂಗಡಿಗಳ ಬೋರ್ಡು ಬರೆದೂ ಬರೆದೂ ಅವನ ಕೈಗೆ ಒಂದೇ ಮುಖ ಅಂಟಿಕೊಂಡಿತ್ತು: ನಗುಮುಖ. ಒಮ್ಮೆ ಯಾರದೋ ಬಂಗಲೆಗೆ 'ನಾಯಿ ಇದೆ ಎಚ್ಚರಿಕೆ' ಎಂದು ಬರೆದುಕೊಟ್ಟಿದ್ದ. ಆ ಬೋರ್ಡಿನ ನಾಯಿಯನ್ನು ನೋಡಿ ದಾರಿಹೋಕರೆಲ್ಲ ಗೇಟು ತೆಗೆದು ಒಳಗೆ ಬಂದು, ನಾಯಿ ಎಲ್ಲಿ ಎಂದು ಮುದ್ದಿನಿಂದ ವಿಚಾರಿಸುತ್ತಿದ್ದರಂತೆ.

ಗೋಡೆಯ ನಡುವೆ ದೊಡ್ಡದೊಂದು ಬಾಣಲೆ ಎಳೆದ. ಕೆಳಗೆ ಕೆಂಪು, ಹಳದಿ ಬೆಂಕಿ. ಪಕ್ಕದಲ್ಲಿ ಸೌಟು ಹಿಡಿದ ಕೊಂಬಿನವನು. ಹುಬ್ಬು ಗಂಟಿಕ್ಕಿಸಿದ, ಕೋರೆಹಲ್ಲು ಹಚ್ಚಿದ. ಕೊನೆಗೆ ತುಟಿ ಬರೆಯುವಾಗ ಕೈ ತನ್ನಷ್ಟಕ್ಕೆ ಮೇಲಕ್ಕೆ ತಿರುಗಿಬಿಟ್ಟಿತು. ಕೊಂಬಿನವನು ಹೊಸ ಅಂಗಡಿ ತೆರೆದ ಮಾಲೀಕನ ಹಾಗೆ ಎಲ್ಲರನ್ನೂ ಒಳಗೆ ಕರೆಯತೊಡಗಿದ.

ಅಷ್ಟರಲ್ಲಿ ಹಲ್ಲಿನ ಡಾಕ್ಟರಮ್ಮ ಬಂದರು. ಮಗ ಮರೆತು ಬಂದ ನೀರಿನ ಬಾಟಲಿ ಕೊಡಲು ಬಂದವರು ಗೋಡೆ ನೋಡಿ ಬಾಗಿಲಲ್ಲೇ ನಿಂತರು.

"ಏನ್ರೀ ಇದು ಅನ್ಯಾಯ! ಮಕ್ಕಳ ತಲೆಗೆ ಇಂಥದ್ದನ್ನೆಲ್ಲ ತುಂಬ್ತಾರಾ? ರಾತ್ರಿ ನಿದ್ದೇಲಿ ಹಲ್ಲು ಕಡಿಯೋ ಮಕ್ಕಳು ಯಾಕೆ ಬರ್ತಾರೆ ನನ್ನ ಹತ್ರ ಅಂದ್ಕೊಂಡಿದೀರಿ? ಇಂಥ ಕತೆ ಕೇಳಿಯೇ!"

ಮೇಲ್ವಿಚಾರಣೆಗೆಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದ ಜಡ್ಜು ತಾತ ಗಂಟಲು ಸರಿಮಾಡಿಕೊಂಡರು. "ಡಾಕ್ಟರೇ, ಸ್ವಲ್ಪ ಹೆದರಿಕೆ ಇದ್ರೇನೇ ಮಕ್ಕಳು ನೆಟ್ಟಗಿರೋದು."

"ಹೆದರಿಕೊಂಡು ಒಳ್ಳೆಯವರಾದ್ರೆ ಅದು ಒಳ್ಳೆತನಾನಾ? ಅದು ಬರೀ ಹೆದರಿಕೆ ಸಾರ್."

"ಎಲ್ಲರೂ ತಾವಾಗೇ ಒಳ್ಳೆಯವರಾಗೋ ಹಾಗಿದ್ರೆ ನಾನು ಕೋರ್ಟಲ್ಲಿ ಕೂತು ಏನು ನೊಣ ಹೊಡೀತಿದ್ನಾ? ಅದಿರಲಿ, ಹಲ್ಲು ಉಜ್ಜದಿದ್ರೆ ಹುಳ ತಿನ್ನುತ್ತೆ ಅಂತ ನಿಮ್ಮ ಕ್ಲಿನಿಕ್ಕಲ್ಲೇ ಬೋರ್ಡು ನೇತುಹಾಕಿದೀರಲ್ಲ, ಅದೇನು ಮತ್ತೆ?"

"ಆ ಹುಳಾನೂ ನಗ್ತಿದೆ ಸಾರ್," ಎಂದರು ಡಾಕ್ಟರಮ್ಮ ಬೇಸರದಿಂದ. "ಮಕ್ಕಳು ಅದನ್ನ ಸಾಕ್ಕೋಬೇಕು ಅಂತಾವೆ."

"ಅದನ್ನೂ ನಾನೇ ಬರೆದಿದ್ದು," ಪೇಂಟರ್ ಏಣಿಯ ಮೇಲಿಂದ ತಪ್ಪೊಪ್ಪಿಕೊಂಡ.

ಅಲ್ಲಿಂದ ಮುಂದೆ ಅವನ ಗತಿ ಎರಡು ಕಡೆಯಿಂದ ಹಿಂಡುವ ಬಟ್ಟೆಯಂತಾಯಿತು. ತಾತ ಬೆಂಕಿ ಏರಿಸಲು ಹೇಳಿದರೆ ಡಾಕ್ಟರಮ್ಮ ಇಳಿಸಲು ಹೇಳುತ್ತಿದ್ದರು. ಕುದಿಯುವ ಎಣ್ಣೆ ಬೇಡವೇ ಬೇಡ ಎಂದು ಅವರು ಹಟ ಹಿಡಿದಾಗ, ಅವನು ಎಣ್ಣೆಯ ಮೇಲೆ ಬಿಳಿ ನೊರೆ ಬಳಿದು ಕೈತೊಳೆದುಕೊಂಡ. ಕೊಂಬಿನವನಿಗೆ ಗಾಂಭೀರ್ಯ ಸಾಲದು ಎಂದು ತಾತ ತಕರಾರು ತೆಗೆದಾಗ, ಎದುರಿಗೆ ಕಂಡ ಗಂಭೀರ ಮುಖ ಅವರದೊಂದೇ. ನೋಡಿಕೊಂಡು ಮೂಗು ತಿದ್ದಿದ, ಕನ್ನಡಕ ಏರಿಸಿದ.

ತಾತ ಎದ್ದು ಬಂದು ಗೋಡೆಗೆ ಮುಖ ಹತ್ತಿರ ಇಟ್ಟು ನೋಡಿದರು. "ಇದು ನಾನಲ್ವೇನಯ್ಯಾ?"

ಉತ್ತರ ಕೊಡುವ ಕಷ್ಟ ತಪ್ಪಿಸಲು ಊಟದ ಗಂಟೆ ಹೊಡೆಯಿತು.

ಮಕ್ಕಳು ಸಾಲಾಗಿ ಒಳಗೆ ಬಂದರು. ಗೋಡೆ ನೋಡಿದರು. ಕೋಣೆ ಗಪ್‌ಚಿಪ್. ದೊಡ್ಡ ಟೀಚರ್ ಗೆದ್ದವರಂತೆ ಕನ್ನಡಕ ಒರೆಸಿಕೊಂಡು ಹೇಳಿದರು, "ಇದೇ ನರಕ. ಕಚ್ಚೋರು, ಚಿವುಟೋರು, ತಂಟೆ ಮಾಡೋರೆಲ್ಲ ಇಲ್ಲಿಗೇ ಹೋಗೋದು."

ಒಂದು ಕ್ಷಣ ಬಿಟ್ಟು ಛಾವಣಿ ಹಾರಿಹೋಗುವಂಥ ಕೇಕೆ ಎದ್ದಿತು.

"ನೊರೆ ಸ್ನಾನ!"

"ಗುಂಡು ತಾತಾನೇ ಸ್ನಾನ ಮಾಡಿಸ್ತಾರೆ!"

"ಟೀಚರ್, ಒಬ್ರನ್ನ ಕಚ್ಚಿದ್ರೆ ಸಾಕಾ?"

ಉತ್ತರಕ್ಕೆ ಯಾರೂ ಕಾಯಲಿಲ್ಲ. ಮೊದಲು ಕಚ್ಚಿದವಳು ಗುಂಡು. ಆಮೇಲೆ ಯಾರು ಯಾರನ್ನು ಕಚ್ಚಿದರು ಎಂಬ ಲೆಕ್ಕ ತಪ್ಪಿತು. ಬಿಡಿಸಲು ಹೋದ ಡಾಕ್ಟರಮ್ಮನ ಮೊಣಕೈಗೆ ಸ್ವಂತ ಮಗನೇ ಬಾಯಿ ಹಾಕಿದ. "ಕಡಿತ ಮಾತ್ರ ಚೆನ್ನಾಗಿದೆ," ಎಂದು ಅವರು ನೋವಿನಲ್ಲೂ ಗುರುತು ಪರೀಕ್ಷಿಸಿದರು.

ಮಕ್ಕಳನ್ನು ಹೇಗೋ ಅಂಗಳಕ್ಕೆ ಅಟ್ಟಿದ ಮೇಲೆ, ತಲೆ ಕೆದರಿ ಹೋಗಿದ್ದ ದೊಡ್ಡ ಟೀಚರ್ ಎದುರಿನ ಗೋಡೆ ತೋರಿಸಿದರು. "ಅಲ್ಲಿ ಸ್ವರ್ಗ ಬರೀರಿ. ಈ ಸಲ ನಿಮ್ಮ ತಲೆ ಓಡಿಸಬೇಡಿ, ನಾನು ಹೇಳಿದ್ದಷ್ಟೇ ಬರೀಬೇಕು."

ಅವರು ಹೇಳುತ್ತಾ ಹೋದರು, ಅವನು ಬರೆಯುತ್ತಾ ಹೋದ. ಎಲ್ಲರಿಗೂ ಕೊಳೆಯಾಗದ ಬಿಳಿ ಬಟ್ಟೆ. ಎಲ್ಲರೂ ನೇರ ಸಾಲಿನಲ್ಲಿ. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ಒಂದು ಬೆರಳು ತುಟಿಯ ಮೇಲೆ. ಬೆರಳು ಅಡ್ಡ ಬಂದದ್ದರಿಂದ ಅವನ ಜೀವಮಾನದಲ್ಲಿ ಮೊದಲ ಸಲ ನಗು ಕಾಣಿಸಲಿಲ್ಲ.

ಮನೆಗೆ ಬಿಡುವ ಮುಂಚೆ ಮಕ್ಕಳನ್ನು ಕರೆತಂದು ತೋರಿಸಿದರು. ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು. "ಅಲ್ಲಿ ಆಟಕ್ಕೆ ಬಿಡ್ತಾರಾ?"

"ಅಲ್ಲಿ ಯಾರೂ ಗಲಾಟೆ ಮಾಡಲ್ಲ."

"ಮನೆಗೆ ಯಾವಾಗ ಬಿಡ್ತಾರೆ?"

"ಬಿಡಲ್ಲಮ್ಮ. ಯಾವಾಗಲೂ ಅಲ್ಲೇ."

ಒಬ್ಬಳು ಬಿಕ್ಕಿದಳು. ನೋಡುನೋಡುತ್ತಾ ಇಡೀ ತರಗತಿ ಗೊಳೋ ಎಂದಿತು. ದೊಡ್ಡ ಟೀಚರ್ ಮೊದಲು ಕಂಗಾಲಾದರು. ಆಮೇಲೆ, ಅನುಭವ ಎಂದರೆ ಅನುಭವವೇ, ಸಟ್ಟನೆ ದಾರಿ ಹೊಳೆಯಿತು. "ಸರಿ ಹಾಗಾದ್ರೆ. ಇವತ್ತಿಂದ ತಪ್ಪು ಮಾಡಿದವರೆಲ್ಲ ಸ್ವರ್ಗಕ್ಕೆ! ಒಳ್ಳೆಯವರಿಗೆ ಮಾತ್ರ ಬಾಣಲೆ!"

ಮಕ್ಕಳು ತುಟಿ ಪಿಟಕ್ಕೆನ್ನದೆ ಮನೆಗೆ ಹೋದರು. ಪೇಂಟರ್ ನಿಟ್ಟುಸಿರು ಬಿಟ್ಟು ಬ್ರಷ್ ತೊಳೆದ. ಗಂಡಾಂತರ ಕಳೆಯಿತು ಎಂದುಕೊಂಡ.

ಸಂಜೆ ಚೂಟಿ ತಟ್ಟೆ ದೂಡಿ ಕೂತಳು. ಕೊನೆಗೆ ಮೆಲ್ಲಗೆ ಕೇಳಿದಳು, "ಅಪ್ಪಾ, ನೀನು ಒಳ್ಳೆಯವನಾ?"

"ನಿಮ್ಮಪ್ಪನಾ?" ಹೆಂಡತಿ ಒಳಗಿನಿಂದ ಕೂಗಿದಳು. "ಅವರಷ್ಟು ಒಳ್ಳೆಯವರು ಹುಡುಕಿದ್ರೂ ಸಿಗಲ್ಲ."

ಚೂಟಿಯ ಕಣ್ಣು ತುಂಬಿ ಬಂತು. "ಹಾಗಾದ್ರೆ ನೀನು ಬಾಣಲೆಗೆ ಹೋಗ್ತೀಯ. ನಾನು ಕಚ್ಚಿದೀನಿ, ಸ್ವರ್ಗಕ್ಕೆ ಹೋಗ್ತೀನಿ. ಅಲ್ಲಿ ಸಾಲಲ್ಲಿ ನಾನೊಬ್ಳೇ ಕೂತ್ಕೋಬೇಕು."

ಪೇಂಟರ್ ಮಗಳನ್ನು ಮಡಿಲಿಗೆ ಎಳೆದುಕೊಂಡ. "ಅದೆಲ್ಲ ಇಲ್ಲ ಕಣೇ ಪುಟ್ಟಾ. ಸ್ವರ್ಗಾನೂ ಇಲ್ಲ, ನರಕಾನೂ ಇಲ್ಲ. ಅಪ್ಪ ಬರೆದಿದ್ದು ಬರೀ ಬಣ್ಣ."

"ಹಣ್ಣಿನಂಗಡಿ ಬೋರ್ಡಲ್ಲಿ ನೀನು ದ್ರಾಕ್ಷಿ ಬರೆದೆ. ಒಳಗೆ ಹೋದ್ರೆ ದ್ರಾಕ್ಷಿ ಇತ್ತಲ್ಲ?"

ಅವನು ಬಾಗಿಲಿಗೆ ಬಂದು ನಿಂತಿದ್ದ ಹೆಂಡತಿಯ ಮುಖ ನೋಡಿದ. "ನನ್ನನ್ನ ನೋಡಬೇಡಿ, ಬರೆದವರು ನೀವು," ಎಂದಳು ಅವಳು.

ಚೂಟಿ ಕಣ್ಣೊರೆಸಿಕೊಂಡಳು. "ನೀನೊಂದು ತಪ್ಪು ಮಾಡಿಬಿಡು ಅಪ್ಪಾ. ಆಗ ಇಬ್ರೂ ಒಂದೇ ಕಡೆ ಇರಬಹುದು."

ಹೀಗೆ ಪೇಂಟರ್ ಮಗಳ ಕೈಹಿಡಿದು ತಪ್ಪು ಮಾಡಲು ಹೊರಟ. ಸಣ್ಣಪುಟ್ಟ ತಪ್ಪು ಲೆಕ್ಕಕ್ಕೆ ಬರುವುದಿಲ್ಲ, ದೊಡ್ಡ ಟೀಚರ್ ಮನೆಯ ಬೆಲ್ ಒತ್ತಿ ಓಡಿಹೋಗಬೇಕು ಎಂದು ಚೂಟಿ ತೀರ್ಮಾನಿಸಿದ್ದಳು. ಬೀದಿದೀಪ ಆಗತಾನೇ ಹತ್ತಿಕೊಂಡಿತ್ತು. ಗೇಟು ಸರಿಸಿ ಮೆಟ್ಟಿಲ ಬಳಿ ಬಂದವನು ಹಾಗೇ ನಿಂತುಬಿಟ್ಟ.

ಬಾಗಿಲೆದುರು ಆಗಲೇ ಯಾರೋ ಇದ್ದರು. ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡ ಜಡ್ಜು ತಾತ, ಪಕ್ಕದಲ್ಲಿ ಅತ್ತು ಮೂಗು ಕೆಂಪಾಗಿದ್ದ ಗುಂಡು.

"ಒತ್ತು ತಾತಾ, ಬೇಗ!"

ತಾತ ಕಣ್ಣು ಮುಚ್ಚಿ ಬೆಲ್ ಒತ್ತಿದರು. ಓಡಲೆಂದು ತಿರುಗಿದರೆ ಪೇಂಟರ್ ಎದುರಿಗೇ ನಿಂತಿದ್ದ. ಇಬ್ಬರೂ ಮುಖಮುಖ ನೋಡಿಕೊಂಡರು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಯಾರದು ಬೆಲ್ ಒತ್ತಿದ್ದು?"

ತಾತ ಚಟ್ಟನೆ ಪೇಂಟರನ ರಟ್ಟೆ ಹಿಡಿದರು. "ಈತನೇ ಮೇಡಂ! ಒತ್ತಿ ಓಡ್ತಿದ್ದ, ನಾನು ಹಿಡಿದೆ."

"ಇಲ್ಲ ಟೀಚರ್! ಒತ್ತಿದ್ದು ನಮ್ಮ ತಾತ!" ಗುಂಡು ಕಿರುಚಿದಳು. "ಸುಳ್ಳೂ ಹೇಳಿದ್ರು! ತಾತಂದು ಎರಡು ತಪ್ಪಾಯ್ತು! ತಾತ ನನ್ನ ಜೊತೆ ಸ್ವರ್ಗಕ್ಕೆ ಬರ್ತಾರೆ!"

"ಅಲ್ಲ, ನಮ್ಮಪ್ಪನೇ ಒತ್ತಿದ್ದು!" ಚೂಟಿ ಅದಕ್ಕಿಂತ ಜೋರಾಗಿ ಕಿರುಚಿದಳು. "ನಾನು ಕಣ್ಣಾರೆ ನೋಡಿದೆ!"

ಪೇಂಟರ್ 'ನಾನಲ್ಲ' ಎನ್ನಲು ಬಾಯಿ ತೆರೆದ. ಮಗಳು ಅವನನ್ನೇ ನೋಡುತ್ತಿದ್ದಳು.

"ಹೂಂ ಮೇಡಂ," ಎಂದ ಅವನು. "ನಾನೇ."

ದೊಡ್ಡ ಟೀಚರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾಳೆ ಬೆಳಗ್ಗೆ ಡಬ್ಬ ತಗೊಂಡು ಬನ್ನಿ. ನನ್ನ ಆಫೀಸಿನ ಗೋಡೆ ಖಾಲಿ ಇದೆ. ಅಪ್ಪಂದಿರಿಗೆ ಅಂತಲೇ ಬೇರೆ ಬರೆಸಬೇಕು."

ವಾಪಸ್ ಬರುವಾಗ ಚೂಟಿ ಅಪ್ಪನ ಹೆಗಲೇರಿ ಕೂತಿದ್ದಳು.

"ಸಾಲಲ್ಲಿ ನನ್ನ ಪಕ್ಕಾನೇ ಕೂತ್ಕೋಬೇಕು ನೀನು."

"ಆಯ್ತು."

"ಮಾತಾಡಿದ್ರೆ ಬೈತಾರೆ."

"ಪಿಸಪಿಸ ಅನ್ನೋಣ."

ಮನೆಯ ದೀಪ ಕಾಣಿಸುತ್ತಿದ್ದಂತೆ ಬಗ್ಗಿ ಅವನ ಕಿವಿಗೆ ಬಾಯಿಟ್ಟಳು.

"ಅಪ್ಪಾ, ಅಮ್ಮನೂ ಒಳ್ಳೆಯವಳೇ ಅಲ್ವಾ? ಅವಳ ಕೈಲಿ ಏನು ಮಾಡಿಸೋಣ?"