ಮಾವನ ಡೌನ್‌ಗ್ರೇಡ್ ಹಕ್ಕು

ಹೊಸದಕ್ಕೆ ದುಡ್ಡು ಕೊಟ್ಟು ಹಳೆಯದನ್ನು ಬೇಡುವ ಮನುಷ್ಯನನ್ನು ನೀವು ನೋಡಿದ್ದೀರಾ? ಶಹಾಪುರಕ್ಕೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ತೊಗರಿಬೇಳೆ ಮಿಲ್ಲಿನ ಮಾಲೀಕ. ಹೊಸದು ಎಂಬ ಮಾತು ಕಿವಿಗೆ ಬಿದ್ದರೆ ಕಹಿ ಔಷಧ ಕುಡಿದ ಮುಖ ಮಾಡುತ್ತಾನೆ!

ಸರಿಯಾಗಿ ಸುಗ್ಗಿಯ ಹೊತ್ತಿಗೇ ಮಿಲ್ಲಿನ ಸರ್ವರ್ ಕಣ್ಣು ಮುಚ್ಚಿತು. ಯಾದಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ತಪ್ಪಿಗೆ ನಾನೇ ಹೋಗಿ ಹೊಸ ಸರ್ವರ್ ಕೂರಿಸಿ, ಅದನ್ನು ನಡೆಸುವ ಹೊಚ್ಚ ಹೊಸ ಸಾಫ್ಟ್‌ವೇರ್ ಹಾಕಿದೆ. ಆದರೆ ನಮ್ಮ ಅತ್ತೆ ವರ್ಷಗಳಿಂದ ಬಿಲ್ ಮಾಡುತ್ತಿದ್ದ ಕಪ್ಪು ಪರದೆಯ ಪ್ರೋಗ್ರಾಂ ಅದರ ಮೇಲೆ ಓಡಲೊಲ್ಲದು. ಬಿಲ್ಲಿಲ್ಲದೆ ಲಾರಿ ಹೊರಡುವಂತಿಲ್ಲ.

"ಬಿಲ್ಲಿನ ಪ್ರೋಗ್ರಾಮೂ ಹೊಸಾದು ಹಾಕೋಣ್ರಿ ಮಾವಾ" ಅಂದೆ.

"ಅದೊಂದು ಬಿಟ್ಟು ಏನಾರ ಹೇಳು" ಅಂದ.

ಆಗ ಡೌನ್‌ಗ್ರೇಡ್ ಹಕ್ಕಿನ ಮಾತು ತೆಗೆದೆ. ಹೊಸ ಆವೃತ್ತಿಗೆ ಲೈಸೆನ್ಸ್ ಕೊಂಡವರು ಅದರ ಬದಲು ಹಳೆಯ ಆವೃತ್ತಿಯನ್ನು ಓಡಿಸಬಹುದು, ಮುಂದೆ ಬೇಕೆಂದಾಗ ಮತ್ತೆ ಕೊಳ್ಳದೆ ಹೊಸದಕ್ಕೇ ಮರಳಬಹುದು, ನಿಮ್ಮ ಲೈಸೆನ್ಸಿನಲ್ಲೇ ಹಾಗಿದೆ, ಎಂದು ವಿವರಿಸಿದೆ. ಬೇಳೆ ಮಿಲ್ಲಿನವರ ಕಿವಿಗೆ 'ಗ್ರೇಡ್' ಅಂದರೆ ಒಂದೇ ಅರ್ಥ. ಮಾವ ಕೆಂಡವಾದ.

"ಫಸ್ಟ್ ಗ್ರೇಡ್ ಬ್ಯಾಳಿಗಿ ರೊಕ್ಕ ಕೊಟ್ಟು ನುಚ್ಚು ಒಯ್ಯಾಕ ನನಗೇನ್ ಹುಚ್ಚ ಹಿಡದದೇನಲೇ?"

"ನುಚ್ಚು ಒಯ್ಯೋದು ನಿಮ್ಮ ಹಕ್ಕು ಅದರಿ, ಯಾರೂ ತಡಿಯಂಗಿಲ್ಲ!"

ಹಕ್ಕು ಅಂದದ್ದೇ ತಡ, ಮಾವನ ಮುಖ ಅರಳಿತು. "ಹಂಗಾದ್ರ ಹೊಸಾದು ಇದರಾಗ ಇರ್ಲಿ, ಹಳೇದು ಇನ್ನೊಂದು ಕಂಪ್ಯೂಟರಿನಾಗ ಹಾಕು."

"ಬರಂಗಿಲ್ರಿ. ಒಂದು ಟಿಕೀಟಿಗಿ ಒಂದಾ ಸೀಟು. ಮುಂದಾರ ಕೂಡ್ರಿ, ಹಿಂದಾರ ಕೂಡ್ರಿ."

"ಒಂದರ ಮ್ಯಾಲ ಟವಲ್ ಹಾಕಿದ್ರ?"

ಸುರಪುರದ ಬಸ್ಸಿಗೆ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದೇ ಬೆಳೆದವನಿಗೆ ಲೈಸೆನ್ಸಿನ ಕಾನೂನು ಹೇಗೆ ತಿಳಿಸುವುದು ಹೇಳಿ!

ಇಷ್ಟಾದರೂ, ಹಕ್ಕು ಕೊಟ್ಟವರು ಹಳೆಯ ಆವೃತ್ತಿಯ ಡಿಸ್ಕನ್ನು ಕೈಗೆ ಕೊಟ್ಟಿರಲಿಲ್ಲ, ಅದನ್ನು ನಾವೇ ಹುಡುಕಬೇಕಿತ್ತು. ಹಳೆಯ ಸರ್ವರಿನ ಜೊತೆ ಮಾವನಿಗೆ ಬಂದಿದ್ದ ಡಿಸ್ಕ್ ಎಲ್ಲಿ? ದೋರನಹಳ್ಳಿಯ ಜೋಳದ ಹೊಲದಲ್ಲಿ! ಗಿಳಿ ಬೆದರಲೆಂದು ಅವನೇ ಗಳಕ್ಕೆ ಕಟ್ಟಿದ್ದ. ಹಕ್ಕು ಮಾವನ ಹತ್ತಿರ, ಡಿಸ್ಕು ಹಕ್ಕಿಗಳ ಹತ್ತಿರ! ಬಿಸಿಲಿಗೆ ಅದು ಕೆಟ್ಟುಹೋಗಿತ್ತು. ಕೊನೆಗೆ ನನ್ನದೇ ಕಸುಬಿನ ಗೆಳೆಯನಿಂದ ಇನ್ನೊಂದು ತಂದು ಹಾಕಿದೆ. ಕಪ್ಪು ಪರದೆ ಮೂಡಿತು.

ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಇಷ್ಟೆಲ್ಲಾ ಯಾಕ್ರಿ ಮಾವಾ? ಅತ್ತಿ ಹೊಸಾದು ಕಲ್ತರ ನಿಮ್ಮ ಗಂಟೇನ್ ಹೋಗ್ತದ?"

ಮಾವ ನನ್ನ ತೋಳು ಹಿಡಿದು ಚೀಲದ ರಾಶಿಯ ಹಿಂದೆ ಎಳೆದುಕೊಂಡು ಹೋದ.

"ಮೆಲ್ಲಕ ಮಾತಾಡು, ಮಂದಿಗಿ ಹೇಳಿಲ್ಲ. ಆಕಿ ಕಣ್ಣು ಹೋಗ್ಯಾವ. ದವಾಖಾನಿಯವರೂ ಕೈ ಚೆಲ್ಲ್ಯಾರ. ಹೊಸಾದರಾಗ ಪರದಿ ಮ್ಯಾಲ ಮೌಸಿನ ಬಾಣ ಹುಡುಕಿ ಒತ್ತಬೇಕು. ಇದರಾಗ ಆಕಿ ಬೆರಳಿಗಿ ದಾರಿ ಗೊತ್ತದ."

ಇಣುಕಿ ನೋಡಿದೆ. ತೂಕದವನು ಚೀಲಗಳ ಲೆಕ್ಕ ಕೂಗಿ ಹೇಳುತ್ತಿದ್ದ. ಅತ್ತೆ ಪರದೆಯತ್ತ ನೋಡದೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಬೆರಳು ತಪ್ಪಿಲ್ಲದೆ ಓಡುತ್ತಿದ್ದವು. ಆ ಹಟಮಾರಿ ಮಾವನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

"ಮುಂದ ಹೊಸಾದು ಹಾಕಬೇಕಂದ್ರ ಮತ್ತ ಕೊಳ್ಳೋದು ಬ್ಯಾಡ ಅಂದಿ, ಹೌದಿಲ್ಲೋ?" ಮಾವ ಕೇಳಿದ.

"ಹೌದ್ರಿ, ಅದು ನಿಮ್ದೇ."

"ಹಂಗಾದ್ರ ಹೊಸಾದು ಕಾಯಲಿ ಬಿಡು. ಆಕಿ ತಾನಾಗೇ ಕುರ್ಚಿ ಬಿಟ್ಟು ಏಳೋತನಕ ಕಾಯಲಿ."