ನೀಲಿ ಫ್ಯೂಸು

ಊಟದ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿಟ್ಟು, ಕನ್ನಡಿ ಸರಿಮಾಡಿಕೊಂಡು, ಅವಳು ಎಂದಿನಂತೆ ಹಾರ್ನ್ ಒತ್ತಿದಳು. ಆ ಸದ್ದಿಗೆ ಮಹಡಿ ಮನೆಯ ತಕ್ಕಡಿ ಮಾವ ಇಳಿದುಬಂದು, ಗೇಟಿಗೆ ಅಡ್ಡ ನಿಂತ ತಮ್ಮ ಸ್ಕೂಟರನ್ನು ಸರಿಸಬೇಕು. ವರ್ಷಗಳಿಂದ ನಡೆದುಬಂದ ಒಪ್ಪಂದ ಅದು. ಇಂದು ಹಾರ್ನ್ ಬಾಯಿ ಬಿಡಲಿಲ್ಲ. ಮತ್ತೆ ಒತ್ತಿದಳು. ಮುನಿಸಿಕೊಂಡ ಅತ್ತೆಯ ಹಾಗೆ ಬಿಮ್ಮನೆ ಕೂತಿತ್ತು.

ಬೇರೆ ದಿನವಾಗಿದ್ದರೆ ಕಿಟಕಿಯಿಂದ ಕೂಗಿ ಮುಗಿಸುತ್ತಿದ್ದಳು. ಆದರೆ ಇಂದು ಮಧ್ಯಾಹ್ನವೇ ಹಳೇ ಕಾರಿನ ಸರ್ಕಾರಿ ಪರೀಕ್ಷೆ; ಹಾರ್ನ್ ಇಲ್ಲದೆ ಪಾಸಾಗದು. ಗಂಡ ಬೆಳಿಗ್ಗೆ ಶೂ ಕಟ್ಟುತ್ತಾ, "ಫೇಲಾದ್ರೆ ಗುಜರಿಗೆ ಹಾಕ್ಬಿಡೋಣ. ನಿಂಗೆ ಬಸ್ಸಿದೆಯಲ್ಲ" ಎಂದು ಹೇಳಿ ಹೋಗಿದ್ದ. ಪಾಸಾದರೆ ಏನು ಅಂತ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಗೂ ಅವಳು ಕಟ್ಟು ಹಲ್ಲು ತಯಾರಿಸುವ ಲ್ಯಾಬಿಗೂ ನಡುವೆ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಾಗಿಲು ಮುಚ್ಚಿ ರೇಡಿಯೋ ಹಾಕಿದರೆ ಕಾರು ಅವಳ ಕೋಣೆ. ಮನೆಯಲ್ಲಿ ಅವಳದೆಂದು ಒಂದು ಕೋಣೆ ಇರಲಿಲ್ಲ.

"ಏನಮ್ಮಾ, ಇವತ್ತು ಸದ್ದೇ ಇಲ್ಲ? ಹುಷಾರಿಲ್ವಾ?" ಎನ್ನುತ್ತಾ ತಕ್ಕಡಿ ಮಾವನೇ ಇಳಿದುಬಂದರು. ಅಂಗಡಿಗಳ ತೂಕ ಪರೀಕ್ಷಿಸುವ ಕೆಲಸದಿಂದ ನಿವೃತ್ತರಾದವರು. ಈಗಲೂ ಯಾವ ವಸ್ತು ಕಂಡರೂ ಮೊದಲು ಕುಟ್ಟಿ ನೋಡುತ್ತಿದ್ದರು.

"ಹಾರ್ನ್ ಕೆಟ್ಟಿದೆ ಮಾವ."

"ಹಾರ್ನ್ ಕೆಡಲ್ಲ. ಮೊಂಡು ಹಿಡಿಯುತ್ತೆ ಅಷ್ಟೆ." ಅವರು ಸ್ಟಿಯರಿಂಗಿನ ನಡುವೆ ಮುಷ್ಟಿಯಿಂದ ಗುದ್ದಿದರು. ಹಾರ್ನಿನ ಮುಚ್ಚಳ ಒಂದು ಬೆರಳಷ್ಟು ಒಳಗೆ ಹೋಯಿತು. ಸದ್ದು ಬರಲಿಲ್ಲ.

ಅಷ್ಟರಲ್ಲಿ ಎದುರುಮನೆಯಾಕೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಬಂದಳು. "ನಿನ್ನೆ ಭಾನುವಾರ ನಿಮ್ಮ ಮೈದುನ ತಾನೆ ಗಾಡಿ ಒಯ್ದಿದ್ದು? ಬೀದಿ ತುದಿಯಿಂದ ಇಲ್ಲೀವರೆಗೂ ಹಾರ್ನ್ ಮೇಲಿಂದ ಕೈ ಎತ್ತಲಿಲ್ಲ ಪುಣ್ಯಾತ್ಮ. ನನ್ನ ಮೊಮ್ಮಗು ಬೆಚ್ಚಿಬಿತ್ತು. ಸುಟ್ಟೋಗಿರುತ್ತೆ, ಫ್ಯೂಸು ನೋಡು."

ಫ್ಯೂಸಿನ ಡಬ್ಬಿ ಸ್ಟಿಯರಿಂಗಿನ ಕೆಳಗೆ ಸಿಕ್ಕಿತು. ಮಾವ ಕನ್ನಡಕ ತರಲು ಹೋಗದೆ ಕೈಗೆ ಸಿಕ್ಕಿದ್ದನ್ನು ಕಿತ್ತರು. ವೈಪರ್ ಸತ್ತಿತು. ಇನ್ನೊಂದು ಕಿತ್ತರು. ಕಿಟಕಿ ಅರ್ಧಕ್ಕೆ ನಿಂತಿತು.

"ಮಾವ, ನೀವು ಸ್ವಲ್ಪ ಟಾರ್ಚ್ ಹಿಡ್ಕೊಳ್ಳಿ" ಎಂದಳು ಅವಳು. ಕೈಚೀಲದಿಂದ ಲ್ಯಾಬಿನ ಚಿಮುಟ ತೆಗೆದು, ಫ್ಯೂಸಿನ ಡಬ್ಬಿಯ ಮುಚ್ಚಳದ ಮೇಲಿನ ಚಿತ್ರ ನೋಡುತ್ತಾ ಕಿತ್ತಿದ್ದನ್ನೆಲ್ಲ ಹಲ್ಲು ಕೂರಿಸಿದಷ್ಟೇ ನಾಜೂಕಾಗಿ ಸ್ವಸ್ಥಾನಕ್ಕೆ ಸೇರಿಸಿದಳು. ಹಾರ್ನಿನ ನೀಲಿ ಫ್ಯೂಸು ಒಳಗೇ ಕರಕಲಾಗಿತ್ತು. ಬಿಡಿಭಾಗದ ಅಂಗಡಿಗೆ ಇಂದೇ ವಾರದ ರಜೆ.

"ಪಕ್ಕದಲ್ಲೇ ಇನ್ನೊಂದು ನೀಲಿ ಇದೆಯಲ್ಲ, ಅದ್ಯಾರ್ದು?" ಎಂದರು ಮಾವ.

"ರೇಡಿಯೋದು."

"ಅದನ್ನೇ ಹಾಕು. ಪರೀಕ್ಷೆ ಮಾಡೋನು ಹಾಡು ಕೇಳಕ್ಕೆ ಬರ್ತಾನಾ?"

ಒಂದು ಕ್ಷಣ ಕೈ ತಡೆಯಿತು. ಆಮೇಲೆ ರೇಡಿಯೋದ ಫ್ಯೂಸನ್ನು ತೆಗೆದು ಹಾರ್ನಿನ ಜಾಗಕ್ಕೆ ಒತ್ತಿದಳು.

ಮಾವನ ಗುದ್ದಿಗೆ ಒಳಗೆ ಹೋದ ಮುಚ್ಚಳ ಅಲ್ಲೇ ಸಿಕ್ಕಿಕೊಂಡಿದೆ ಎಂಬುದು ಯಾರಿಗೂ ನೆನಪಿರಲಿಲ್ಲ. ಹಾರ್ನ್ ಒಮ್ಮೆಲೇ ಬಾಯಿ ತೆರೆದು, ಉಗಿಬಂಡಿ ಅಂಗಳಕ್ಕೇ ನುಗ್ಗಿದಂತೆ ಕೂಗತೊಡಗಿತು. ಎದುರುಮನೆಯ ಮಗು ಅದಕ್ಕೆ ದನಿಗೂಡಿಸಿತು. "ಆಫ್ ಮಾಡು!" ಎಂದಳು ಎದುರುಮನೆಯಾಕೆ. "ಕುಟ್ಟು!" ಎಂದರು ಮಾವ. ಬೀದಿಯ ಅಷ್ಟೂ ಕಿಟಕಿಗಳಲ್ಲಿ ತಲೆಗಳು ಮೂಡಿದ ಮೇಲೆ ಅವಳ ಚಿಮುಟಕ್ಕೆ ಮುಚ್ಚಳದ ಅಂಚು ಸಿಕ್ಕಿ, ಅದು ಮೇಲೆದ್ದು, ಸದ್ದು ನಿಂತಿತು.

ಮಧ್ಯಾಹ್ನ ಪರೀಕ್ಷಕ ಹಾರ್ನ್ ಒತ್ತಿ, ತಾನೇ ಬೆಚ್ಚಿ ಪೆನ್ನು ಕೆಳಗೆ ಹಾಕಿದ. "ಗಂಟಲು ಚೆನ್ನಾಗಿದೆ ಬಿಡಿ" ಎಂದು ಮುದ್ರೆ ಒತ್ತಿಕೊಟ್ಟ. ರೇಡಿಯೋ ಇಲ್ಲದಿದ್ದರೂ ದಾರಿಯುದ್ದಕ್ಕೂ ಅವಳೇ ಗುನುಗಿಕೊಂಡು ಬಂದಳು.

ಸಂಜೆ ಸುದ್ದಿ ಕೇಳಿದ ಗಂಡ ಅವಳಿಗಿಂತ ಹೆಚ್ಚು ಹಿಗ್ಗಿದ. ಕೂಡಲೇ ತಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಪಾಸಾಯ್ತು ಕಣೋ. ನಾಳೆ ಬಂದು ಗಾಡಿ ತಗೊಂಡೋಗು." ಅವಳ ಕಡೆ ತಿರುಗಿ, "ಪಾಸಾಗದೆ ಇರೋ ಗಾಡೀನ ಅವನಿಗೆ ಹೇಗೆ ಕೊಡೋದು ಅಂತ ಕಾಯ್ತಿದ್ದೆ. ನಿಂಗೆ ಬಸ್ಸಿದೆಯಲ್ಲ" ಎಂದ.

"ಎಲ್ಲಾ ಅತ್ತಿಗೆ ಕೈಗುಣ" ಎಂದಿತು ಮೈದುನನ ದನಿ. "ಹಾರ್ನ್ ಗಟ್ಟಿ ಇದೆ ತಾನೆ ಅಣ್ಣ? ಹಾರ್ನ್ ಇಲ್ಲದ ಗಾಡಿ ನಾನು ಮುಟ್ಟಲ್ಲ. ಅದು ಅಪಶಕುನ."

"ಬೀದೀನೇ ಎದ್ದು ಕೂರುತ್ತಂತೆ" ಎಂದು ಗಂಡ ನಕ್ಕ.

ಅವಳು ಕೈಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ?"

"ಊಟದ ಡಬ್ಬಿ ಕಾರಲ್ಲೇ ಮರ್ತೆ."

ಅಂಗಳಕ್ಕೆ ಬಂದು, ಕಾರಿನ ಬಾಗಿಲು ಮುಚ್ಚಿಕೊಂಡು ಕೂತಳು. ಈಗ ಟಾರ್ಚು ಬೇಕಾಗಲಿಲ್ಲ. ಚಿಮುಟ ತಾನಾಗಿಯೇ ಆ ನೀಲಿ ಫ್ಯೂಸನ್ನು ಹುಡುಕಿ, ಕಿತ್ತು, ಪಕ್ಕದ ರೇಡಿಯೋದ ಮನೆಗೆ ಸೇರಿಸಿತು. ಹಾರ್ನ್ ಒತ್ತಿ ನೋಡಿದಳು. ತುಟಿಪಿಟಕ್ಕೆನ್ನಲಿಲ್ಲ. ರೇಡಿಯೋದಲ್ಲಿ ಯಾರೋ ಅರ್ಧಕ್ಕೆ ಬಂದ ಹಾಡೊಂದನ್ನು ಸಣ್ಣಗೆ ಹಾಡುತ್ತಿದ್ದರು.

ಅದು ಮುಗಿಯುವವರೆಗೂ ಕೂತಿದ್ದು, ಡಬ್ಬಿ ಹಿಡಿದು ಒಳಗೆ ಹೋದಳು.