ಬಾಡಿಗೆದಾರರಿಲ್ಲದ ಹನ್ನೊಂದು ಮನೆಗಳು

ನಮ್ಮ ಕಾಕಾ ಕಟ್ಟಿದಷ್ಟು ಮನೆಗಳನ್ನು ಚಿಕ್ಕೋಡಿಯಲ್ಲಿ ಯಾವ ಗುತ್ತಿಗೆದಾರನೂ ಕಟ್ಟಿಲ್ಲ. ಹನ್ನೊಂದು ಮನೆ! ಎಲ್ಲವೂ ಸ್ವಂತ ಕೈಯಿಂದ, ಯಾವುದಕ್ಕೂ ಬಾಡಿಗೆ ಇಲ್ಲ. ಆದರೂ ಮೂರು ವರ್ಷ ಒಬ್ಬನೇ ಒಬ್ಬ ಬಾಡಿಗೆದಾರ ಆ ಕಡೆ ಸುಳಿಯಲಿಲ್ಲ. ಹನ್ನೊಂದು ಎನ್ನುವುದು ನನ್ನ ನೆನಪು. ಆಗ ಬರೆದಿಟ್ಟ ದಿನಚರಿ ತೆಗೆದು ನೋಡಿದರೆ ಒಂಬತ್ತು ಎಂದಿದೆ. ನೆನಪಿಗೆ ಉಬ್ಬಿಸುವ ಚಟ, ದಿನಚರಿಗೆ ಜಿಪುಣತನ. ಎರಡನ್ನೂ ಪೂರ್ತಿ ನಂಬುವವನಲ್ಲ ನಾನು. ಆದರೆ ಎಷ್ಟಾದರೂ ಕಾಕಾನ ಅಣ್ಣನ ಮಗ ನಾನು. ಹನ್ನೊಂದೇ ಇರಲಿ!

ಮನೆ ಎಂದರೆ ಗುಬ್ಬಿಗಳಿಗೆ ಮಾಡಿದ ಕಟ್ಟಿಗೆಯ ಮನೆ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಮಿಲ್ಲಿನ ಮಗ್ಗುಲಲ್ಲೇ ಮೂವತ್ತು ವರ್ಷ ಫಿಟರ್ ಆಗಿದ್ದು ಆಗಷ್ಟೇ ನಿವೃತ್ತನಾಗಿದ್ದ. ಆ ಗದ್ದಲದಲ್ಲಿ ಕೂಗಿ ಕೂಗಿ, ಅವನು ಗುಟ್ಟು ಹೇಳಿದರೂ ಎರಡು ಓಣಿಗೆ ಗೊತ್ತಾಗುತ್ತಿತ್ತು. ನಾನು ಅಥಣಿಯ ಕಾಲೇಜೊಂದರಲ್ಲಿ ಉಪನ್ಯಾಸಕ. ಭಾನುವಾರ ಬಂದು ಕಾಕಾನ ಹೆಂಡತಿ ಕಾಕುವಿನ ಕೈಯ ರೊಟ್ಟಿ ತಿಂದು, ಬದಲಿಗೆ ಒಂದಿಷ್ಟು ಜ್ಞಾನ ಕೊಟ್ಟು ಹೋಗುವುದು ನನ್ನ ರೂಢಿ. ನಷ್ಟ ಯಾರಿಗೆ ಎಂದು ಆಗ ಯೋಚಿಸಿರಲಿಲ್ಲ.

ಅಂಥದೊಂದು ಭಾನುವಾರ ಕಾಕಾ ಚಹಾದ ಬಸಿ ಕೆಳಗಿಟ್ಟು ಹೇಳಿದ: "ತಮ್ಮಾ, ಊರಾಗ ಗುಬ್ಬಿ ಉಳದಿಲ್ಲಲೇ. ಮೊದಲ ಬೆಳಕ ಹರಿಯೂದ್ರಾಗ ಚಿಂವ್ ಚಿಂವ್ ಅಂತ ಎಬ್ಬಸ್ತಿದ್ದುವು. ಈಗ ಎಚ್ಚರಾದ್ರ ಎಲ್ಲಾ ಗಪ್ಪ. ಇನ್ನೊಮ್ಮೆ ಹಾಸಗ್ಯಾಗ ಬಿದ್ದಕೊಂಡು ಆ ದನಿ ಕೇಳಬೇಕು ನೋಡು. ಅದೊಂದ ಆಸೆ ಐತಿ."

ಬೇರೆ ಯಾರಾದರೂ ಆಗಿದ್ದರೆ "ಹೌದಾ?" ಎಂದು ಹೊರಗೆ ಇಣುಕಿ ನೋಡುತ್ತಿದ್ದರು. ನಾನು ಎಂ.ಎ. ಓದಿದವನು, ಇಣುಕುತ್ತೇನೆಯೇ? ಹಿಂದಿನ ವಾರವಷ್ಟೇ ಪತ್ರಿಕೆಯಲ್ಲಿ ಓದಿದ್ದೆ. ಮೊಬೈಲ್ ಟವರು, ಕೀಟನಾಶಕ, ಸ್ಲ್ಯಾಬಿನ ಮನೆ ಎಂದು ಗುಬ್ಬಿಗಳ ಸರ್ವನಾಶವನ್ನು ಇಪ್ಪತ್ತು ನಿಮಿಷ ವಿವರಿಸಿದೆ. ಅಕ್ಕಿ ಆರಿಸುತ್ತಿದ್ದ ಕಾಕು ನನ್ನ ಮುಖ ನೋಡಿ, ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದಳು. ನನ್ನ ಪಾಂಡಿತ್ಯಕ್ಕೆ ಬೆರಗಾದಳು ಎಂದುಕೊಂಡೆ. ಕಟ್ಟಿಗೆಯ ಗೂಡು ಮಾಡಿಟ್ಟರೆ ಗುಬ್ಬಿ ಬರುತ್ತವೆ ಎಂಬ ಪರಿಹಾರವನ್ನೂ ನಾನೇ ಕೊಟ್ಟೆ.

ಮುಂದಿನ ಭಾನುವಾರದ ಹೊತ್ತಿಗೆ ನಿಪ್ಪಾಣಿಯ ತಂಬಾಕಿನ ವಖಾರಿಯಿಂದ ಹಳೆಯ ಕಟ್ಟಿಗೆಯ ಪೆಟ್ಟಿಗೆಗಳು, ಖೋಕಾಗಳು, ಬಂದು ಅಂಗಳದಲ್ಲಿ ಬಿದ್ದಿದ್ದವು. ಇಡೀ ಮನೆ ಸೀನುತ್ತಿತ್ತು. ಕಾಕಾನಿಗೆ ಕಬ್ಬಿಣ ಮಾತು ಕೇಳುತ್ತಿತ್ತು, ಕಟ್ಟಿಗೆ ಕೇಳುತ್ತಿರಲಿಲ್ಲ. ಮೊಳೆಯ ಮೇಲೆ ಅವನಿಗೆ ನಂಬಿಕೆಯೇ ಇಲ್ಲ. ಹೀಗಾಗಿ ಮೊದಲ ಗುಬ್ಬಿ ಮನೆ ನಟ್ಟು, ಬೋಲ್ಟು, ವಾಷರುಗಳ ಮೇಲೆ ನಿಂತಿತು. ಮುಚ್ಚಳದ ಬಿಜಾಗರಿಗೆ ಗ್ರೀಸು ಬೇರೆ! ಎತ್ತಲು ಇಬ್ಬರು ಬೇಕು. ಭೂಕಂಪವಾದರೆ ಚಿಕ್ಕೋಡಿಯಲ್ಲಿ ಅದೊಂದೇ ಉಳಿಯುತ್ತಿತ್ತು.

ಓಣಿಯ ಬಡಿಗೇರ ಬಂದು ಬಾಗಿಲಿನ ತೂತಿನಲ್ಲಿ ಮುಷ್ಟಿ ತೂರಿಸಿ ನೋಡಿದ. "ಮಿಸ್ತ್ರಿ, ಇದಕ್ಕ ಗುಬ್ಬಿ ಬರಾಂಗಿಲ್ರಿ, ಬೆಕ್ಕ ಬರ್ತೈತಿ. ಒಳಗ ಒಂದು ವಾಟಿ ಹಾಲ ಇಡ್ರಿ."

"ಗಪ್ಪ ಕೂಡಲೇ," ಎಂದ ಕಾಕಾ. "ನೀ ಮಾಡಿದ ಬಾಗಿಲ ಮಳಿಗಾಲದಾಗ ತೆರ್ಯಾಂಗಿಲ್ಲ, ಬ್ಯಾಸಗ್ಯಾಗ ಮುಚ್ಚಾಂಗಿಲ್ಲ. ನನಗ ಹೇಳಾಕ ಬಂದಾನ!"

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಅಥಣಿಯ ಇಂಟರ್ನೆಟ್ ಅಂಗಡಿಯಲ್ಲಿ ಅಳತೆಗಳನ್ನೆಲ್ಲ ಮುದ್ರಿಸಿಕೊಂಡು ತಂದೆ. ತೂತು ಮೂವತ್ತೆರಡು ಮಿಲಿಮೀಟರ್! ಮಿಲಿಮೀಟರ್ ಎಂದೊಡನೆ ಕಾಕಾನೊಳಗಿನ ಫಿಟರ್ ಎದ್ದು ನಿಂತ. ಎರಡನೆಯ ಮನೆ ಕರಾರುವಾಕ್ಕಾಗಿ ತಯಾರಾಯಿತು. ಅದನ್ನು ಗೋಡೆಗೆ ಬಿಗಿಯುವ ಗೌರವ ನನಗೆ ಸಿಕ್ಕಿತು. ಅರ್ಧ ಗಂಟೆ ಬೆವರು ಸುರಿಸಿ, ನಾಲ್ಕೂ ಬೋಲ್ಟು ತಿರುವಿ, ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಕಾಕು ಹೊರಗೆ ಬಂದು ಹಿಂದೆ ಮುಂದೆ ನೋಡಿದಳು.

"ತಮ್ಮಾ, ಬಾಗಿಲ ಎಲ್ಲೈತೋ?"

ಬಾಗಿಲು ಗೋಡೆಯ ಕಡೆಗಿತ್ತು!

"ಇರಲಿ ಬಿಡ, ಕಲತವ ಕೂಡಿಸ್ಯಾನ," ಎಂದಳು ಕಾಕು. "ಗುಬ್ಬಿ ಗ್ವಾಡಿ ಕೊರದು ಬರ್ತಾವ."

ಅದನ್ನು ಬಿಚ್ಚಿ ತಿರುಗಿಸಿದ ಮೇಲೆ ಕಾಕಾ ಇನ್ನೊಂದು ನಿಯಮ ತಂದ. ಇನ್ನು ಮುಂದೆ ಎಲ್ಲ ಮನೆಗೂ ಪೂರ್ವ ದಿಕ್ಕಿನ ಬಾಗಿಲು. ಕಾಕು ಹಣೆ ಬಡಿದುಕೊಂಡಳು: "ನಮ್ಮ ಮನಿ ಬಾಗಿಲ ದಕ್ಷಿಣಕ್ಕೈತಿ. ಗುಬ್ಬಿಗೆ ವಾಸ್ತು ಬೇಕಾಗೈತಿ ಇವರಿಗೆ!"

ಆ ನಡುವೆ ಕಾಗವಾಡದಲ್ಲಿ ಕಾಕಾನ ಬೀಗರ ಹೊಸ ಮನೆಯ ವಾಸ್ತುಶಾಂತಿ ಬಂತು. ಕಾಕಾ ಬಣ್ಣದ ಕಾಗದ ಸುತ್ತಿದ ಉಡುಗೊರೆ ಹೊತ್ತ, ಜೊತೆಗೆ ನಾನು. ಬೀಗರದು ಆರು ಎಕರೆ ದ್ರಾಕ್ಷಿ ತೋಟ. ಹಣ್ಣು ಇಳಿಸುವ ಸಮಯ. ತೋಟಕ್ಕೆಲ್ಲ ಬಲೆ ಹೊದಿಸಿ, ಆಳುಗಳು ಡಬ್ಬಿ ಬಡಿದು ಹಕ್ಕಿ ಓಡಿಸುತ್ತಿದ್ದರು. ಆ ಡಬ್ಬಿಯ ಸದ್ದಿನಲ್ಲೇ ಬೀಗರು ಉಡುಗೊರೆ ಬಿಚ್ಚಿದರು.

"ಇದೇನ್ರೀ ಬೀಗರ?"

"ಹಕ್ಕಿ ಮನಿ! ತೋಟದಾಗ ಕಟ್ಟ್ರಿ. ಒಂದ ವರ್ಷದಾಗ ಹಿಂಡ ಹಿಂಡ ಬರ್ತಾವ ನೋಡ್ರಿ!" ಕಾಕಾನ ದನಿ, ಕೇಳಬೇಕೆ? ಪಂಕ್ತಿಯಲ್ಲಿ ಉಣ್ಣುತ್ತಿದ್ದವರೆಲ್ಲ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು.

ಇಲ್ಲಿಯೂ ನಾನು ಸುಮ್ಮನಿರಬಹುದಿತ್ತು! "ಗುಬ್ಬಿ ಹುಳಾ ತಿಂತಾವ್ರಿ, ಬೆಳಿಗೆ ಚಲೋ," ಎಂದೆ.

ಬೀಗರು ಶಾಂತವಾಗಿ ತಲೆಯಾಡಿಸಿದರು. "ಹೌದ್ರಿ ಸರ. ಹುಳಾ ತಿಂತಾವ. ಆಮ್ಯಾಲ ಬಾಯಿ ಸಿಹಿ ಮಾಡ್ಕೋತಾವ."

ಆ ಹಕ್ಕಿ ಮನೆಯೊಳಗೆ ಈಗ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ವಾಸವಾಗಿದೆ ಎಂದು ಕೇಳಿದ್ದೇನೆ.

ಇಷ್ಟಾದರೂ ಕಾಕಾ ಕೈ ಬಿಡಲಿಲ್ಲ. ಮೂರನೆಯದು, ಐದನೆಯದು, ಎಂಟನೆಯದು. ಬೆಳಗಾದರೆ ಎಚ್ಚರವಾಗಿಯೂ ಏಳದೆ, ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಮಲಗಿರುತ್ತಿದ್ದನಂತೆ. ಆಮೇಲೆ ಎದ್ದು, "ಇಲ್ಲ, ಇವತ್ತೂ ಇಲ್ಲ," ಎನ್ನುತ್ತ ಗರಗಸ ಹಿಡಿಯುತ್ತಿದ್ದನಂತೆ. ನಾನು ಅದನ್ನು ಸಹೋದ್ಯೋಗಿಗಳಿಗೆ ನಟಿಸಿ ತೋರಿಸಿ ನಗಿಸುತ್ತಿದ್ದೆ.

ಮೂರನೆಯ ವರ್ಷದ ಬೇಸಿಗೆ. ಪರೀಕ್ಷೆಯ ಕೆಲಸದಲ್ಲಿ ಒಂದೂವರೆ ತಿಂಗಳು ಬಿಟ್ಟು ಅಥಣಿಯಿಂದ ಬಂದವನು ಗೇಟು ತೆರೆಯುವಷ್ಟರಲ್ಲೇ ನಿಂತುಬಿಟ್ಟೆ. ಕಾಕಾ ಮಲಗುವ ಕೋಣೆಯ ಕಿಟಕಿಯ ಮೇಲಿನ ಮನೆಯಿಂದ ಹುಲ್ಲು ಇಳಿಬಿದ್ದಿತ್ತು. ಒಂದು ಗುಬ್ಬಿ ಬಾಯಲ್ಲಿ ಹುಳ ಹಿಡಿದು ಬಂದೊಡನೆ ಒಳಗಿಂದ ಮರಿಗಳು ಹುಯಿಲೆಬ್ಬಿಸಿದವು. ಎಂಥ ಗದ್ದಲ! ಕೆಳಗೆ ಕುರ್ಚಿಯಲ್ಲಿ ಕಾಕಾ ಮುಖ ಮೇಲೆತ್ತಿ ಕೂತಿದ್ದ.

"ಬಂದಾವ ನೋಡಲೇ ತಮ್ಮಾ! ಮರಿ ಆಗಿ ವಾರಾತು," ಎಂದ. ಆಮೇಲೆ ಹುಬ್ಬು ಗಂಟಿಕ್ಕಿದ. "ಖರೇ, ಯಾಕೋ ದನಿ ಮಾಡವಲ್ಲವು."

ಚೇಷ್ಟೆ ಮಾಡುತ್ತಿದ್ದಾನೆ ಎಂದು ನಕ್ಕೆ. ಕಾಕಾ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಾಕು ನನ್ನನ್ನು ಒಳಗೆ ಕರೆದಳು.

"ಗುಬ್ಬಿ ಎಲ್ಲಿ ಹೋಗಿದ್ವೋ ಯಪ್ಪಾ?" ಎಂದಳು. "ಎದುರಿನ ಹಂಚಿನ ಮನ್ಯಾಗ ದಿನಾ ಚೀರತಿದ್ವು. ಹೋದ ತಿಂಗಳ ಅವರು ಹಂಚ ತಗದು ಸ್ಲ್ಯಾಬ್ ಹಾಕಿದ್ರು, ಇಲ್ಲಿ ಬಂದ್ವು. ಹೋಗಿದ್ದು ಗುಬ್ಬಿ ಅಲ್ಲ, ಇವರ ಕಿವಿ. ದೊಡ್ಡ ಮಾತು ಕೇಳಸ್ತಾವ, ಸಣ್ಣ ದನಿ ಆ ಮಿಲ್ಲಿನ ಗದ್ದಲದಾಗ ಹೋದ್ವು."

"ಮತ್ತ ಮೊದಲ ಯಾಕ ಹೇಳಲಿಲ್ಲ ಕಾಕು?"

"ಹ್ಯಾಂಗ ಹೇಳಲಿ? ಗುಬ್ಬಿ ಹೋಗ್ಯಾವ ಅಂದ್ರ ಕರಕೊಂಡ ಬರ್ತೇನಿ ಅಂತ ಕೆಲಸಕ್ಕ ಕೂಡ್ತಾರ. ಕಿವಿ ಹೋಗ್ಯಾವ ಅಂದ್ರ ಏನ ಮಾಡ್ತಾರ?"

ಮೂರು ವರ್ಷ ಆ ಎದುರು ಮನೆಯ ಮುಂದೆಯೇ ಹಾದು ಬಂದಿದ್ದೇನೆ. ಗುಬ್ಬಿಗಳನ್ನು ನಾನು ಕೇಳಿಸಿಕೊಳ್ಳಲಿಲ್ಲವೇ? ಕೇಳಿಸಿಕೊಂಡಿರಲೇಬೇಕು. ಆದರೆ ಇಲ್ಲ ಎಂದು ಪತ್ರಿಕೆಯಲ್ಲಿ ಓದಿದ್ದೆನಲ್ಲ!

ಹೊರಗೆ ಬಂದೆ. ಕಾಕಾ ಇನ್ನೂ ಮೇಲೆ ನೋಡುತ್ತಿದ್ದ. "ನಿನ್ನ ಪುಸ್ತಕದಾಗ ಏನೈತಿ? ಯಾಕ ಗಪ್ಪ ಅದಾವ?"

"ಮರಿ ಸಣ್ಣವು ಅದಾವ ಕಾಕಾ, ಅದಕ್ಕ..." ಎಂದು ಏನೋ ಶುರು ಮಾಡಿದೆ. ಅಷ್ಟರಲ್ಲಿ ಕಾಕು ಬಂದು, ಅವನನ್ನು ಸ್ಟೂಲಿನ ಮೇಲೆ ಹತ್ತಿಸಿ, ಅವನ ಅಂಗೈಯನ್ನು ಆ ಮನೆಯ ತಳದ ತೆಳು ಹಲಗೆಗೆ ಒತ್ತಿ ಹಿಡಿದಳು. ತಾಯಿ ಗುಬ್ಬಿ ಪುರ್ರನೆ ಹಾರಿತು. ಒಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಒದ್ದಾಡಿ ಚೀರಿದವು. ಕಾಕಾನ ಬೆರಳು ಹಲಗೆಯ ಮೇಲೆ ಅಗಲವಾದವು. ಕಣ್ಣು ಮುಚ್ಚಿದ. ನಾನಿನ್ನೂ ಏನೋ ಹೇಳುತ್ತಲೇ ಇದ್ದೆ.

"ಸುಮ್ಮನಿರಲೇ," ಎಂದ ಕಾಕಾ, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಷ್ಟು ಮೆಲ್ಲಗೆ. "ಮಾತಾಡಾಕತ್ತಾವ."